ಖಾಲಿ ಕುರ್ಚಿಗೆ ಒಪ್ಪಿಸಿದ ವರದಿ

ಬಾಸ್ಕೆಟ್‌ಬಾಲ್ ಕೋಚ್ ಆಗಬೇಕಾದರೆ ಏನೇನಿರಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಎತ್ತರ ಇರಬೇಕು, ಗಂಟಲು ಇರಬೇಕು, ಹಿಂದೊಮ್ಮೆ ಚೆನ್ನಾಗಿ ಆಡಿದ ಹೆಸರಾದರೂ ಇರಬೇಕು ಎನ್ನುತ್ತಾರೆ. ಬೆಂಚಪ್ಪನಿಗೆ ಇವು ಯಾವುವೂ ಇರಲಿಲ್ಲ. ಅವನಿಗಿದ್ದದ್ದು ಕೂತ ಅನುಭವ. ಅದರಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಹೆತ್ತವರು ಇಟ್ಟ ಹೆಸರು ಈಗ ಮನೆಯ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಹರೆಯದಲ್ಲಿ ಕ್ಲಬ್ಬಿನ ತಂಡಕ್ಕೆ ಸೇರಿದಾಗ ಗೆಳೆಯರು ಇಟ್ಟ ಹೆಸರು ಬೆಂಚಪ್ಪ. ಮ್ಯಾಚಿನ ದಿನ ಉಳಿದವರು ಓಡುತ್ತಿದ್ದರು, ಹಾರುತ್ತಿದ್ದರು, ಬೀಳುತ್ತಿದ್ದರು, ಇವನು ಕೂರುತ್ತಿದ್ದ. ಬೆಂಚಿನ ತುದಿಯಲ್ಲಿ, ಕೋಚ್ ಕೂರುವ ಕಬ್ಬಿಣದ ಮಡಚುಕುರ್ಚಿಯ ಬಲಕ್ಕೆ ಅಂಟಿಕೊಂಡಂತೆ.

ಆ ಕುರ್ಚಿಯಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಕಾಲು ಚಾಚಿ, ಕಣ್ಣು ಕಿರಿದು ಮಾಡಿ, ಒಲೆಯ ಪಕ್ಕದ ಬೆಕ್ಕಿನ ಹಾಗೆ ಕೂತಿರುತ್ತಿದ್ದರು. ಅಂಗಳದಲ್ಲಿ ಏನಾದರೂ ಸದ್ದಾದರೆ ಮೊಣಕೈಯಿಂದ ಬೆಂಚಪ್ಪನನ್ನು ತಿವಿದು, "ಏನಾಯ್ತೋ?" ಎನ್ನುವರು.

"ಎಡಗಡೆ ಖಾಲಿ ಬಿಟ್ರು ಸರ್. ಅವರ ಉದ್ದನೆಯವನು ನುಗ್ಗಿಬಿಟ್ಟ."

ಅಷ್ಟು ಕೇಳಿದ್ದೇ ತಡ, ದೊಡ್ಡ ಸರ್ ಎದ್ದು ನಿಂತು ಸೂರು ಹಾರಿಹೋಗುವ ಹಾಗೆ ಗರ್ಜಿಸುತ್ತಿದ್ದರು: "ಎಡಗಡೆ ಏನು ನಿಮ್ಮಪ್ಪ ದಾನ ಕೊಟ್ಟ ಜಾಗವೇನ್ರೋ? ಮುಚ್ರೋ ಅದನ್ನ!"

ಇದು ದೊಡ್ಡ ಸರ್ ಅವರ ಬೋಧನಾ ಪದ್ಧತಿ ಎಂದು ಎಲ್ಲರೂ ನಂಬಿದ್ದರು. "ಕಣ್ಣಿಂದ ಯಾರು ಬೇಕಾದ್ರೂ ನೋಡ್ತಾರೆ. ಶಿಷ್ಯನ ಬಾಯಿಂದ ಹೇಳಿಸಿದರೇನೇ ಅದು ತಲೆಗೆ ಇಳಿಯೋದು" ಎಂದು ಕ್ಲಬ್ಬಿನ ಕಾರ್ಯದರ್ಶಿ ಪ್ರತಿ ಸಭೆಯಲ್ಲೂ ಭಾಷಣ ಬಿಗಿಯುತ್ತಿದ್ದರು. ಅದನ್ನು ಕೇಳಿ ಪಕ್ಕದ ಬಡಾವಣೆಯ ಕೋಚ್ ಕೂಡ ತನ್ನ ಹುಡುಗರನ್ನು ತಿವಿದು "ಏನಾಯ್ತೋ, ಏನಾಯ್ತೋ" ಎನ್ನಲು ಶುರುಮಾಡಿದ. ಉತ್ತರ ಕೇಳಿಸಿಕೊಳ್ಳಬೇಕು ಎನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆ ವರ್ಷ ಅವನ ತಂಡ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ.

ಬೆಂಚಪ್ಪ ಅಂಗಳಕ್ಕೆ ಇಳಿದದ್ದು ಒಂದೇ ಒಂದು ಸಲ. ಆಟಗಾರನೊಬ್ಬನ ಶೂ ಬಾಯಿಬಿಟ್ಟಿತು, ಬೇರೆ ಗತಿಯಿಲ್ಲದೆ ದೊಡ್ಡ ಸರ್ "ಹೋಗೋ" ಎಂದರು. ಇವನು ಹೋದ. ಚೆಂಡು ಕೈಗೆ ಬಂತು. ಅದನ್ನು ನೆಲಕ್ಕೆ ಕುಟ್ಟುವ ಮೊದಲೇ ಹಿಂದಿನಿಂದ ಕೂಗು: "ಲೋ, ಬಾರೋ ಇಲ್ಲಿ! ವಾಪಸ್ ಬಾರೋ!" ಹರಿದ ಶೂನ ಹುಡುಗನೇ ಕಾಲಿಗೆ ದಾರ ಸುತ್ತಿಕೊಂಡು ಮತ್ತೆ ಇಳಿದ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾಕೆ ಕರೆದಿರಿ ಎಂದು ಬೆಂಚಪ್ಪ ಕೇಳಲಿಲ್ಲ. ಕೇಳುವುದೇನಿದೆ? ತಾನು ಲಾಯಕ್ಕಲ್ಲ, ಅಷ್ಟೇ. ಆ ತೀರ್ಮಾನ ಅವನ ಮಟ್ಟಿಗೆ ಕಲ್ಲಿನ ಮೇಲೆ ಕೊರೆದ ಅಕ್ಷರವಾಯಿತು. ಮುಂದೆ ಹೆಣ್ಣು ನೋಡಲು ಹೋದಾಗಲೂ ಅವನು ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತಿದ್ದ, ಯಾರಾದರೂ ವಾಪಸ್ ಕರೆದರೆ ಎದ್ದು ಹೋಗಲು ಅನುಕೂಲ ಎಂದು.

ಆದರೂ ಅವನು ಆ ಜಾಗ ಬಿಡಲಿಲ್ಲ. ಗಂಡಸರ ತಂಡ ಚದುರಿತು, ಹೆಂಗಸರ ತಂಡ ಕಟ್ಟಿದ್ದಾಯಿತು. ಬೆಂಚಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು, ಫ್ರೇಮು ಬಗ್ಗಿಸಿ, ಸಂಜೆ ಬಂದು ಅದೇ ತುದಿಯಲ್ಲಿ ಕೂರುತ್ತಿದ್ದ. ಮೆಟ್ಟಿಲು ಹತ್ತಿ ಇಳಿಯುವಾಗ ದೊಡ್ಡ ಸರ್ ಅವನ ಹೆಗಲ ಮೇಲೆ ಕೈ ಇಡುತ್ತಿದ್ದರು. ನೋಡಿದವರು ಅಂಥ ಗುರುಶಿಷ್ಯರ ಜೋಡಿ ಎಲ್ಲೂ ಇಲ್ಲ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡ ಸರ್ ಅಂಗಡಿಗೆ ಬಂದು ಮುಚ್ಚಿದ ಕನ್ನಡಕದ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟರು. "ಕಡ್ಡಿ ಸಡಿಲ ಆಗಿದೆ. ನೀನೇ ಮಾಡು, ಬೇರೆಯವರ ಕೈಗೆ ಕೊಡಬೇಡ. ಅವಸರ ಇಲ್ಲ." ಪೇಪರ್ ಓದುವ ಕನ್ನಡಕ ಇರಬೇಕು ಎಂದುಕೊಂಡು ಬೆಂಚಪ್ಪ ಅದನ್ನು ಡ್ರಾಯರಿಗೆ ಹಾಕಿದ. ಅವಸರವಿಲ್ಲ ಎಂದವರೇ ಅವಸರ ಮಾಡಿದರು; ಆ ವಾರದಲ್ಲೇ ಮಲಗಿದವರು ಏಳಲಿಲ್ಲ. ಡಬ್ಬಿ ಡ್ರಾಯರಿನಲ್ಲೇ ಉಳಿಯಿತು. ಅದನ್ನು ತೆರೆಯಲು ಬೆಂಚಪ್ಪನಿಗೆ ಕೈ ಬರಲಿಲ್ಲ.

ಮಣ್ಣಿಗೆ ಹೋಗಿ ಬಂದ ಮೇಲೆ ಕಾರ್ಯದರ್ಶಿ ನೇರವಾಗಿ ಅಂಗಡಿಗೇ ಬಂದರು.

"ತಂಡ ನೀನೇ ನೋಡ್ಕೋಬೇಕಪ್ಪ."

"ನಾನಾ? ನಾನು ಆಡಿದ್ದೇ ಒಂದು ಸಲ. ಅದನ್ನೂ ಆಡಿದ್ದು ಅನ್ನೋ ಹಾಗಿಲ್ಲ."

"ಆಡಿದವರೆಲ್ಲ ಮಂಡಿ ಹಿಡ್ಕೊಂಡು ಮನೇಲಿ ಬಿದ್ದಿದ್ದಾರೆ. ನಿನ್ನ ಮಂಡಿ ಹೊಚ್ಚ ಹೊಸದು. ಅಲ್ದೆ ದೊಡ್ಡ ಸರ್ ಹೇಳಿದ್ದನ್ನೆಲ್ಲ ಪಕ್ಕದಲ್ಲೇ ಕೂತು ಕೇಳಿದವನು ನೀನೊಬ್ಬನೇ."

ಮನೆಯಲ್ಲಿ ಹೆಂಡತಿ ಇನ್ನೂ ಬೇಗ ಒಪ್ಪಿದಳು. "ಕೂರೋ ಕೆಲಸ ತಾನೇ? ಹೂಂ ಅನ್ನಿ. ಅಭ್ಯಾಸ ಬಿಟ್ಟುಹೋಗಬಾರದು."

ಹೀಗೆ ಬೆಂಚಪ್ಪ ಕೋಚ್ ಆದ.

ಮೊದಲ ಸಂಜೆ ಅವನು ಸಭಾಂಗಣಕ್ಕೆ ಹೋದಾಗ ತಗಡಿನ ಸೂರು ಇನ್ನೂ ಬಿಸಿಲಿನ ಕಾವಿಗೆ ಟಣಟಣ ಎನ್ನುತ್ತಿತ್ತು. ರಬ್ಬರಿನ ವಾಸನೆ, ಹಳೆಯ ಬೆವರಿನ ವಾಸನೆ. ಮಡಚುಕುರ್ಚಿ ತನ್ನ ಜಾಗದಲ್ಲಿ ಬಿಚ್ಚಿಕೊಂಡೇ ನಿಂತಿತ್ತು. ಅದನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ, ಅದರಲ್ಲಿ ಕೂರಲು ಬೆಂಚಪ್ಪನಿಗೆ ಧೈರ್ಯ ಬರಲಿಲ್ಲ. ಎಂದಿನಂತೆ ಬೆಂಚಿನ ತುದಿಯಲ್ಲಿ, ಕುರ್ಚಿಯ ಬಲಕ್ಕೆ ಕೂತ. ಆಟ ಶುರುವಾಯಿತು. ಯಾರೋ ಜಾರಿ ಬಿದ್ದ ಸದ್ದು.

"ಏನಾಯ್ತೋ?" ಎಂದಿತು ಎಡಗಿವಿಯ ಪಕ್ಕ ಒಂದು ದನಿ.

ಮೊಣಕೈ ತಿವಿತವೂ ಬಿತ್ತು, ಪಕ್ಕೆಲುಬಿನ ಅದೇ ಜಾಗಕ್ಕೆ. ಬೆಂಚಪ್ಪನ ಎದೆ ಧಸಕ್ಕೆಂದಿತು. ತಿರುಗಿದ. ಕುರ್ಚಿ ಖಾಲಿ. ಆದರೆ ಬಾಯಿಗೆ ಎದೆಯ ಸುದ್ದಿ ತಲುಪಿರಲಿಲ್ಲ, ಅದು ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು: "ನಮ್ಮ ಬಸ್ ಡ್ರೈವರಮ್ಮ ಬಿದ್ದರು ಸರ್. ಏಟಾಗಿಲ್ಲ."

ಅಂದಿನಿಂದ ದಿನವೂ ಅದೇ. ಚೆಂಡು ಕಂಬಕ್ಕೆ ಬಡಿದರೆ ಏನಾಯ್ತೋ, ಚೆಂಡು ಬುಟ್ಟಿಗೆ ಬಿದ್ದರೆ ಏನಾಯ್ತೋ. ಅವನು ಹೇಳುತ್ತಿದ್ದ. ಹೇಳದಿದ್ದರೆ ತಿವಿತ ಜೋರಾಗುತ್ತಿತ್ತು. ಮೊದಲ ಮ್ಯಾಚಿನಲ್ಲಿ ರೆಫರಿ ಬಂದು "ನಿಮ್ಮ ಕೋಚ್ ಯಾರ್ರೀ?" ಎಂದಾಗ ತಂಡದವರೆಲ್ಲ ಬೆಂಚಪ್ಪನ ಕಡೆ ಕೈ ತೋರಿಸಿದರು, ಬೆಂಚಪ್ಪನ ಕೈ ಮಾತ್ರ ಖಾಲಿ ಕುರ್ಚಿಯ ಕಡೆ ಹೋಯಿತು. ರೆಫರಿ ಕುರ್ಚಿ ನೋಡಿದ, ಇವನ ಮುಖ ನೋಡಿದ, ಏನೂ ಬರೆದುಕೊಳ್ಳದೆ ಸ್ವಲ್ಪ ಬೇಗನೇ ನಡೆದು ಹೋದ.

ಮನೆಗೂ ಅದು ಹಿಂಬಾಲಿಸಿತು. ಊಟಕ್ಕೆ ಕೂತಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಬೆಂಚಪ್ಪ ಗೊಣಗುವನು: "ಮುಚ್ಚಳ ಬಿತ್ತು ಸರ್. ಎತ್ತಿಕೊಂಡಳು. ಈಗ ಬಲಗಡೆಯಿಂದ ಬರ್ತಿದ್ದಾಳೆ."

"ಯಾರ್ರೀ ಆ ಸರ್ರು?" ಹೆಂಡತಿ ಸೌಟು ಹಿಡಿದು ನಿಂತಳು. "ನಾನು ಯಾವ ಗಡೆಯಿಂದ ಬಂದರೆ ಅವರಿಗೇನಂತೆ?"

ಬೆಂಚಿನ ಮೇಲೆ ಬೆಂಚಪ್ಪನ ಬಲಕ್ಕೆ ತಂಡದವಳೊಬ್ಬಳು ಕೂರುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ಬಂದವಳು ಬಟ್ಟೆ ಬದಲಾಯಿಸಿದರೂ ಕೈಗೆ ಡೆಟಾಲ್ ವಾಸನೆ ಉಳಿದಿರುತ್ತಿತ್ತು. ಅಭ್ಯಾಸದಲ್ಲಿ ಅವಳ ಪಾಸು ಸೂಜಿಯ ಹಾಗೆ, ನೋವಾಗುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಆದರೆ ಮ್ಯಾಚಿಗೆ ಬೆಂಚಪ್ಪ ಅವಳನ್ನು ಇಳಿಸುತ್ತಿರಲಿಲ್ಲ. ಕಾರಣ ಕೇಳಿದರೆ "ಟೈಮ್ ಬರಲಿ" ಎನ್ನುತ್ತಿದ್ದ. ನಿಜವಾದ ಕಾರಣ ಅವನಿಗೇ ಗೊತ್ತಿರಲಿಲ್ಲ. ಅವಳು ಕೂತಲ್ಲಿಂದಲೇ, ಪಾಳಿ ಬದಲಾಗುವಾಗ ರೋಗಿಗಳ ಸ್ಥಿತಿ ಒಪ್ಪಿಸುವ ಧಾಟಿಯಲ್ಲಿ, "ಮೂರನೆಯವಳು ಸುಸ್ತಾಗಿದ್ದಾಳೆ. ಅವರ ಕುಳ್ಳಿ ಎಡಗೈಯವಳು. ಮೂಲೆ ಖಾಲಿ" ಎಂದು ಹೇಳುತ್ತ ಹೋಗುವಳು. ಬಲಗಿವಿಗೆ ಬಂದದ್ದನ್ನು ಬೆಂಚಪ್ಪ ಎಡಕ್ಕೆ ದಾಟಿಸುವನು. ನಡುವೆ ಅವನು ಬರೀ ಕೊಳವೆ.

ಒಂದು ದಿನ ಅವಳೇ ಮಾತು ತೆಗೆದಳು. ಲೀಗಿನ ಕೊನೆಯ ಮ್ಯಾಚಿಗೆ ಕೆಲವೇ ದಿನಗಳಿದ್ದವು. "ಸರ್, ನೀವು ಯಾರ ಜೊತೆ ಮಾತಾಡ್ತೀರ ಅಂತ ನಾನು ಕೇಳಲ್ಲ. ಖಾಲಿ ಕುರ್ಚಿ ಜೊತೆ ಮಾತಾಡೋರು ನಮ್ಮ ವಾರ್ಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ನಾವು ಒಂದೇ ಮಾತು ಹೇಳೋದು. ಧಾರಾಳವಾಗಿ ಮಾತಾಡಿ, ಆದ್ರೆ ಅವರು ಬೇಡ ಅಂದ್ರು ಅಂತ ಮಾತ್ರೆ ಬಿಡಬೇಡಿ."

ಬೆಂಚಪ್ಪ ಶಿಳ್ಳೆಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನನ್ನದು ಬೇರೆ ವಿಷಯ. ಕೊನೇ ಮ್ಯಾಚಿಗೂ ಇಳಿಸಲಿಲ್ಲ ಅಂದ್ರೆ ಆಮೇಲೆ ನಾನು ಬರಲ್ಲ ಸರ್. ಕೋಪ ಏನಿಲ್ಲ. ಕೂತು ವರದಿ ಒಪ್ಪಿಸೋ ಕೆಲಸಕ್ಕೆ ಆಸ್ಪತ್ರೇಲಿ ಸಂಬಳಾನೂ ಕೊಡ್ತಾರೆ." ಅಂಗಳದ ಕಡೆ ನೋಡುತ್ತ ಕೇಳಿದಳು: "ನಾನು ಲಾಯಕ್ಕಿಲ್ವಾ ಸರ್? ಇಲ್ಲ ಅಂದ್ರೆ ಇಲ್ಲ ಅಂದುಬಿಡಿ."

ಲಾಯಕ್ಕು ಎಂಬ ಮಾತು ಬೆಂಚಪ್ಪನಿಗೆ ಮೊಣಕೈಗಿಂತ ಜೋರಾಗಿ ತಿವಿಯಿತು. ಉತ್ತರ ಹೇಳಲು ಬಾಯಿ ತೆರೆದ; ಅಷ್ಟರಲ್ಲಿ ಎಡಗಡೆಯಿಂದ ಪ್ರಶ್ನೆ ಬಂತು. ಅವನು ಆ ಕಡೆ ತಿರುಗಿದ.

ಮರುದಿನ ಅಂಗಡಿಯ ಯಜಮಾನರಿಗೆ ಶುಚಿತ್ವದ ಹುಚ್ಚು ಹಿಡಿಯಿತು. "ತಿಂಗಳುಗಟ್ಟಲೆ ಗಿರಾಕಿ ಬರದ ಕನ್ನಡಕ ಎಲ್ಲ ತೆಗೆದು ನೋಡಯ್ಯ. ಡ್ರಾಯರು ಮ್ಯೂಸಿಯಂ ಆಗಿದೆ." ಬೆಂಚಪ್ಪ ಒಂದೊಂದೇ ತೆಗೆದ. ಕೊನೆಗೆ ಉಳಿದದ್ದು ಆ ಡಬ್ಬಿ.

ತೆರೆದ. ಒಳಗೆ ಹಳೆಯ ಕಾಲದ ಕಪ್ಪು ಫ್ರೇಮು. ಗಾಜು ನಡುವೆ ತೆಳು, ಅಂಚಿಗೆ ಬರುತ್ತ ಬೆರಳಷ್ಟು ದಪ್ಪ. ಓದುವ ಕನ್ನಡಕದ ಗಾಜು ಹೀಗಿರುವುದಿಲ್ಲ. ಇದು ದೂರದ್ದು ಕಾಣದವರ ಕನ್ನಡಕ. ಅದೂ ಎಂಥ ದೂರ? ಪವರ್ ನೋಡುವ ಯಂತ್ರದಲ್ಲಿಟ್ಟು ಕಣ್ಣು ಹಚ್ಚಿದವನು ಸಂಖ್ಯೆಯನ್ನು ನಂಬದೆ ಮತ್ತೆ ನೋಡಿದ. ಇದನ್ನು ತೆಗೆದಿಟ್ಟರೆ ಈ ಮನುಷ್ಯನಿಗೆ ಚಾಚಿದ ಕೈಯ ಬೆರಳೇ ಮಸುಕು. ಗಾಜಿನ ಮೇಲಿನ ಗೀರುಗಳು ನಿನ್ನೆ ಮೊನ್ನೆಯವಲ್ಲ, ಒಂದು ಆಯುಷ್ಯದವು. ಈ ಕನ್ನಡಕವನ್ನು ದೊಡ್ಡ ಸರ್ ಮೂಗಿನ ಮೇಲೆ ಬೆಂಚಪ್ಪ ಒಮ್ಮೆಯೂ ಕಂಡಿರಲಿಲ್ಲ. ಅಂಗಳದಲ್ಲಂತೂ ಯಾರೂ ಕಂಡಿರಲಿಲ್ಲ. ಕುರುಡು ಕೋಚ್ ಕೈಗೆ ಯಾವ ಕ್ಲಬ್ಬು ತಂಡ ಕೊಟ್ಟೀತು?

ಒಬ್ಬರಿಗೆ ಕನ್ನಡಕವಿಲ್ಲದೆ ಲೋಕ ಹೇಗೆ ಕಾಣುತ್ತದೆ ಎಂದು ತಿಳಿಯಲು ಕನ್ನಡಕದ ಅಂಗಡಿಯಲ್ಲಿ ಒಂದು ಉಪಾಯವಿದೆ. ಅವರ ಪವರಿಗೆ ಅಷ್ಟೇ ತೂಕದ, ಉಲ್ಟಾ ಜಾತಿಯ ಗಾಜನ್ನು ಒಳ್ಳೆಯ ಕಣ್ಣಿನವನು ಹಾಕಿಕೊಂಡರೆ ಸಾಕು. ಬೆಂಚಪ್ಪ ಪರೀಕ್ಷೆಯ ಪೆಟ್ಟಿಗೆಯಿಂದ ಎರಡು ಉಬ್ಬುಗಾಜು ಆರಿಸಿ, ಪರೀಕ್ಷೆಯ ಫ್ರೇಮಿಗೆ ಸಿಕ್ಕಿಸಿ, ಮೂಗಿಗೇರಿಸಿಕೊಂಡು ಅಂಗಡಿಯ ಬಾಗಿಲಿಗೆ ಬಂದು ನಿಂತ.

ರಸ್ತೆ ಕರಗಿಹೋಗಿತ್ತು. ಜನರಿದ್ದರು, ಮುಖಗಳಿರಲಿಲ್ಲ. ಬಣ್ಣದ ಮೋಡಗಳು ತೇಲಿ ಬಂದು, ಪಕ್ಕದಲ್ಲೇ ಕೆಮ್ಮಿ, ತೇಲಿ ಹೋಗುತ್ತಿದ್ದವು. ಎದುರಿನ ಬೇಕರಿಯ ದೀಪ ನೀರಿನಲ್ಲಿ ಬಿದ್ದ ಹಳದಿಯಾಗಿತ್ತು. ಎಲ್ಲರೂ ಸತ್ತ ಮೇಲೆ ಊರು ಹೀಗೆ ಇರಬಹುದು ಎನಿಸಿತು. ಅಷ್ಟರಲ್ಲಿ ಬ್ರೇಕಿನ ಕಿರುಚಾಟ, ದಡಾರೆಂಬ ಸದ್ದು, ಯಾರದೋ ಕೂಗು. ಬೆಂಚಪ್ಪನ ಕೈ ಗಾಳಿಯಲ್ಲಿ ತಡಕಾಡಿತು, ಮೊಣಕೈ ಪಕ್ಕದಲ್ಲಿದ್ದ ಯಾರನ್ನೋ ತಿವಿಯಿತು, ಗಂಟಲಿನಿಂದ ಗಾಬರಿಯ ದನಿ ಹೊರಟಿತು:

"ಏನಾಯ್ತೋ?"

"ಸೈಕಲ್ಲಿನವನು ಬಿದ್ದ ಕಣಯ್ಯ. ಎದ್ದ, ಎದ್ದ," ಎಂದರು ಪಕ್ಕೆ ಉಜ್ಜಿಕೊಳ್ಳುತ್ತ ಯಜಮಾನರು. "ಅಲ್ಲಯ್ಯ, ನನ್ನನ್ನೇ ಏಕವಚನದಲ್ಲಿ ಕರೀತೀಯಲ್ಲ!"

ಬೆಂಚಪ್ಪ ಗಾಜು ತೆಗೆಯಲಿಲ್ಲ. ಅದೇ ದನಿ. ಅದೇ ಎಳೆತ. ಇಷ್ಟು ವರ್ಷ ಗದರಿಕೆ ಎಂದುಕೊಂಡದ್ದು ಗದರಿಕೆಯಾಗಿರಲಿಲ್ಲ, ಪದ್ಧತಿಯೂ ಆಗಿರಲಿಲ್ಲ. ಅದು ಭಯ. ಹೆಗಲ ಮೇಲಿನ ಕೈ ಮೆಟ್ಟಿಲನ್ನು ಹುಡುಕುವ ಕೈ. ಮತ್ತು ಆ ಒಂದು ಸಲ, ಚೆಂಡು ಕೈಗೆ ಬಂದ ಆ ಗಳಿಗೆ... "ವಾಪಸ್ ಬಾರೋ!" ತಾನು ಕೆಟ್ಟದಾಗಿ ಆಡಿದೆನೋ ಚೆನ್ನಾಗಿ ಆಡಿದೆನೋ ಅವರಿಗೆ ಹೇಗೆ ಗೊತ್ತಾಗಬೇಕು? ಹೇಳುವವನೇ ಎದ್ದು ಹೋಗಿದ್ದನಲ್ಲ. ಹುಡುಗ ಅಂಗಳಕ್ಕೆ ಇಳಿದ ಕೂಡಲೇ ಮುದುಕನ ಕಣ್ಣೇ ಹೋಗಿತ್ತು.

ಅವನಿಗೆ ನಗು ಬಂತು. ನಗುತ್ತ ನಗುತ್ತ ಗಾಜಿನ ಹಿಂದೆ ಕಣ್ಣೀರು ತುಂಬಿತು. ಮೊದಲೇ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಆಮೇಲೆ ಒಳಗೆ ಹೋಗಿ, ಚಿಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡು, ಕಡ್ಡಿ ಬಿಗಿ ಮಾಡಿದ. ಹೇಳಿದ ಕೆಲಸ ಬಾಕಿ ಉಳಿದಿತ್ತು.

ಸತ್ಯ ತಿಳಿದ ಮಾತ್ರಕ್ಕೆ ಧೈರ್ಯ ಬಂದುಬಿಡುತ್ತದೆ ಎಂದು ಹೇಳುವವರನ್ನು ಒಮ್ಮೆ ಮ್ಯಾಚಿನ ದಿನ ಬೆಂಚಿನ ಮೇಲೆ ಕೂರಿಸಬೇಕು. ಕೊನೆಯ ಮ್ಯಾಚು ನಡೆಯುತ್ತಿತ್ತು, ಅರ್ಧ ದಾಟಿತ್ತು, ಡಬ್ಬಿ ಜೇಬಿನಲ್ಲಿತ್ತು, ಬೆಂಚಪ್ಪ ಅದೇ ತುದಿಯಲ್ಲಿದ್ದ. ನರ್ಸು ಪಕ್ಕದಲ್ಲಿ ಶೂಗಳ ದಾರ ಬಿಗಿದುಕೊಂಡು ಕೂತಿದ್ದಳು. ಅವಳು ಆ ದಿನ ವರದಿ ಒಪ್ಪಿಸುತ್ತಿರಲಿಲ್ಲ. ಎಡಗಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ. ಬೆಂಚಪ್ಪನೇ ನೋಡಿ ಹೇಳಬೇಕು. ಅವನಿಗೆ ಆಟದ ಅರ್ಧ ಕಾಣುತ್ತಿತ್ತು, ಅರ್ಧ ತಪ್ಪಿಹೋಗುತ್ತಿತ್ತು. ತಂಡ ಹಿಂದೆ ಬಿದ್ದಿತ್ತು.

ಅಂಕ ಹಾಕುವ ಮೇಜಿನ ಹತ್ತಿರ ಬಂದ ಡ್ರೈವರಮ್ಮ ಮೊಣಕಾಲು ಹಿಡಿದು ಕೂಗಿದಳು. ಅವಳು ಊರಿನ ಬಸ್ಸು ಓಡಿಸುವವಳು, ದನಿಯೂ ಹಾರ್ನಿನದೇ. "ಬೆಂಚಣ್ಣಾ! ನಮ್ಮ ಬೇಕರಿಯಕ್ಕನ ಉಸಿರು ನಿಂತುಹೋಗೋ ಹಾಗಿದೆ, ಯಾರನ್ನಾದ್ರೂ ಕಳಿಸಣ್ಣ! ಇಲ್ಲಾಂದ್ರೆ ನೀನೇ ಲಂಗ ಉಟ್ಕೊಂಡು ಬಾ!"

ಯಾರನ್ನಾದರೂ ಎಂದರೆ ಒಬ್ಬಳೇ. ಬೆಂಚಪ್ಪ ಬಲಕ್ಕೆ ನೋಡಿದ. ಇವಳು ಎದ್ದರೆ ಬಲಗಡೆ ಖಾಲಿ, ಎಡಗಡೆ ಮೊದಲೇ ಖಾಲಿ. ನಡುವೆ ತಾನೊಬ್ಬನೇ, ಸ್ವಂತ ಕಣ್ಣಿನ ಜೊತೆ. ದೊಡ್ಡ ಸರ್ ಅಂದು ಏಕೆ ಕೂಗಿದರು ಎಂಬುದು ಅಂಗಡಿಯ ಬಾಗಿಲಲ್ಲಿ ತಿಳಿದಿತ್ತು. ಎಂಥ ಭಯದಲ್ಲಿ ಕೂಗಿದರು ಎಂಬುದು ಈಗ ತಿಳಿಯಿತು.

"ಹೋಗಿ ನರ್ಸಮ್ಮ," ಎಂದ.

ಅವಳು ಅನುಮಾನದಿಂದ ನೋಡಿದಳು. "ನನಗಾ ಹೇಳಿದ್ದು? ಕುರ್ಚಿಗಾ?"

"ನಿಮಗೇ."

ಅವಳು ಇಳಿದಳು. ಮೊದಲ ಚೆಂಡೇ ಕೈಯಿಂದ ಜಾರಿ ಎದುರಾಳಿಯ ಪಾಲಾಯಿತು. ಸಭಾಂಗಣದಲ್ಲಿ ಯಾರೋ ನಕ್ಕರು. ಆ ನಗು ಬೆಂಚಪ್ಪನಿಗೆ ಹಳೆಯ ಪರಿಚಯ. ಎಡಗಡೆಯಿಂದ ತಿವಿತ ಬಿತ್ತು. "ಏನಾಯ್ತೋ? ಲೋ, ಏನಾಯ್ತೋ?" ಅದರ ಹಿಂದೆಯೇ ಬೆಂಚಪ್ಪನ ನಾಲಿಗೆಯ ತುದಿಗೆ ಇನ್ನೊಂದು ಮಾತು ಬಂದು ನಿಂತಿತ್ತು, ಇಷ್ಟು ವರ್ಷ ಬೆನ್ನ ಮೇಲೆ ಹೊತ್ತು ತಿರುಗಿದ ಮಾತು: ವಾಪಸ್ ಬನ್ನಿ. ಬಾಯಿ ತೆರೆದೂ ಆಗಿತ್ತು. ಅಂಗಳದ ನಡುವೆ ನರ್ಸು ಬೆಂಚಿನ ಕಡೆಗೇ ನೋಡುತ್ತಿದ್ದಳು, ಕರೆಯುತ್ತಾನೆ ಎಂದು ಗೊತ್ತಿರುವವಳ ಹಾಗೆ.

ಬೆಂಚಪ್ಪ ನಾಲಿಗೆ ಕಚ್ಚಿಕೊಂಡ. ಜೇಬಿನಿಂದ ಡಬ್ಬಿ ತೆಗೆದು, ಕಪ್ಪು ಕನ್ನಡಕದ ಕಡ್ಡಿಗಳನ್ನು ಬಿಚ್ಚಿ, ಮಡಚುಕುರ್ಚಿಯ ಮೇಲೆ ಅಂಗಳದ ಕಡೆಗೆ ಮುಖ ಮಾಡಿ ಇಟ್ಟ.

"ಕಡ್ಡಿ ಸರಿ ಮಾಡಿದ್ದೀನಿ ಸರ್," ಎಂದ. "ಇನ್ನು ನೀವೇ ನೋಡ್ಕೊಳ್ಳಿ."

ಆಮೇಲೆ ಎದ್ದು ನಿಂತ. ಆ ಒಂದು ಸಲ ಬಿಟ್ಟರೆ, ಮ್ಯಾಚು ನಡೆಯುವಾಗ ಅವನು ಬೆಂಚು ಬಿಟ್ಟು ಎದ್ದದ್ದನ್ನು ಕಂಡವರಿರಲಿಲ್ಲ. ಬೆಂಚಿನ ಇನ್ನೊಂದು ತುದಿ ಭಾರ ತಪ್ಪಿ ಕುಣಿಯಿತು. "ಆಡಿ ನರ್ಸಮ್ಮ!" ಎಂದು ಕೂಗಿದ. ದನಿ ಸೀಳಿ ಕೀರಲಾಗಿ ಬಂತು. ದೊಡ್ಡ ಸರ್ ಅವರದಂತೂ ಅಲ್ಲ, ಅದು ಅವನದೇ. ಅಂಥ ದನಿಯನ್ನು ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ. "ಹೋದರೆ ಹೋಯ್ತು, ಆಡಿ! ಮೂಲೆ ಖಾಲಿ ಇದೆ, ಮೂಲೆ!"

ಅವಳು ಆಡಿದಳು. ಮೂಲೆಗೆ ಸೂಜಿಯ ಹಾಗೆ ಒಂದು ಪಾಸು ಹೋಯಿತು, ಡ್ರೈವರಮ್ಮ ಅದನ್ನು ಬುಟ್ಟಿಗೆ ಹಾಕಿದಳು. ಇನ್ನೊಂದು ಹೋಯಿತು. ಒಂದು ತಪ್ಪಿತು. ಬೆಂಚಪ್ಪ ಗೆರೆಯುದ್ದಕ್ಕೂ ಓಡಾಡಿದ, ಎಲ್ಲವನ್ನೂ ತಾನೇ ನೋಡಿದ, ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಕಂಡಿತು. ಎಡಗಡೆಯಿಂದ ಯಾರೂ ಏನೂ ಕೇಳಲಿಲ್ಲ. ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ, ನಡುನಡುವೆ ಅವನೇ ಕಿವಿಗೊಟ್ಟು ನೋಡಿದ.

ಕೊನೆಗೆ ಸೋತರು. ಸ್ವಲ್ಪದರಲ್ಲಿ ಸೋತರು ಎಂದು ಕಾರ್ಯದರ್ಶಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು, ಸೋಲು ಸ್ವಲ್ಪವಾದರೆ ಗೆಲುವಿನ ಸೋದರಸಂಬಂಧಿ ಎಂಬಂತೆ. ಜನ ಚದುರಿದರು. ಡ್ರೈವರಮ್ಮನಿಗೆ ಸಂಜೆಯ ಪಾಳಿಯ ಬಸ್ಸು ಕಾದಿತ್ತು, ಬೆವರು ಒರೆಸಿಕೊಳ್ಳದೆ ಓಡಿದಳು. ನರ್ಸು ಟವೆಲ್ಲಿನಿಂದ ಮುಖ ಒತ್ತಿಕೊಳ್ಳುತ್ತ ಬೆಂಚಿಗೆ ಬಂದವಳು ಕುರ್ಚಿಯ ಮುಂದೆ ನಿಂತಳು.

"ಇದ್ಯಾರ ಕನ್ನಡಕ ಸರ್?"

"ಮುಟ್ಟಬೇಡಿ" ಎನ್ನುವಷ್ಟರಲ್ಲಿ ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು. ಎರಡು ಗಾಜಿನ ಮೇಲೂ ಮಂಜು ಹಿಡಿದಿತ್ತು. ಬೆಂಚಪ್ಪ ಹತ್ತಿರ ಬಂದು ನೋಡಿದ. ಸಭಾಂಗಣದ ಸೆಕೆ, ಜನರ ಬೆವರು, ಅರ್ಧ ಮ್ಯಾಚು ಜೇಬಿನಲ್ಲಿದ್ದು ಬಂದ ಗಾಜು. ಗಾಜಿಗೆ ಮಂಜು ಕಟ್ಟಲು ಇರುವ ಕಾರಣಗಳನ್ನೆಲ್ಲ ಅವನ ಕಸುಬು ಅವನಿಗೆ ಕಲಿಸಿತ್ತು. ಆದರೆ ಹೊರಗಿನ ಗಾಳಿಯಿಂದಾದ ಮಂಜು ಎರಡೂ ಬದಿಗೆ ಕೂರಬೇಕು. ಇದು ಒಳಬದಿಗೆ ಮಾತ್ರ ಕೂತಿತ್ತು, ಮುಖದ ಬದಿಗೆ. ಓಡಾಡಿ ದಣಿದವರು, ಅಥವಾ ಕೂತಲ್ಲೇ ಏದುಸಿರು ಬಿಡುತ್ತ ಮ್ಯಾಚು ನೋಡಿದವರು ಹಾಕಿಕೊಂಡ ಕನ್ನಡಕಕ್ಕೆ ಕೂರುವ ಹಾಗೆ.

ನರ್ಸು ಅದನ್ನು ತಿರುಗಿಸಿ ನೋಡಿದಳು. ಬೆಂಚಪ್ಪನ ಮುಖ ನೋಡಿದಳು. ಆಮೇಲೆ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ನಿಂತು ಮನೆಯವರಿಗೆ ಹೇಳುವ, ಏರಿಳಿತವಿಲ್ಲದ ದನಿಯಲ್ಲಿ,

"ಉಸಿರಾಟ ಇದೆ ಸರ್," ಎಂದಳು.

ಹೇಳಿ ಕನ್ನಡಕವನ್ನು ಕುರ್ಚಿಯ ಮೇಲೆ ಮೊದಲಿದ್ದ ಹಾಗೆಯೇ ಇಟ್ಟು, "ನಾಳೆ ಪ್ರಾಕ್ಟೀಸು ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ಅವಳು ಕೇಳಿದ್ದು ಅವನನ್ನೋ ಕುರ್ಚಿಯನ್ನೋ ತಿಳಿಯಲಿಲ್ಲ. ಬೆಂಚಪ್ಪ ಒಂದು ಗಳಿಗೆ ಕಾದ, ಬೇರೆ ಯಾರಾದರೂ ಉತ್ತರ ಹೇಳುತ್ತಾರೇನೋ ಎಂದು. ಯಾರೂ ಹೇಳದಿದ್ದಾಗ ತಾನೇ ಹೇಳಿದ.